ಮಂಡಿ ಲಿಗಮೆಂಟ್ ಹರಿದರೆ: ಎಸಿಎಲ್ ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ ಮಾಡುವವರು ಸರ್ಜನ್. ಅದಾದ ಮೇಲೆ ತಿಂಗಳುಗಟ್ಟಲೆ ಪೇಷಂಟ್ ಜೊತೆ ಏಗುವವರು ನಮ್ಮಂಥ ಫಿಸಿಯೋಥೆರಪಿಸ್ಟ್‌ಗಳು. ಹಾಗಾಗಿ ಇಲ್ಲಿ ಆಪರೇಷನ್ ಥಿಯೇಟರ್ ಒಳಗಿನ ಮಾತು ಕಡಿಮೆ, ಹೊರಗಿನ ಮಾತು ಜಾಸ್ತಿ. ನಿಮ್ಮ ಮಂಡಿಯನ್ನು ಮುಟ್ಟಿ ನೋಡಿದ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ಎಸಿಎಲ್ ಅಂದರೆ ಏನು? ಅದು ಇಲ್ಲದಿದ್ದರೆ ನಡೆಯಲು ಆಗುವುದಿಲ್ಲವೇ?

ಮಂಡಿಯಲ್ಲಿ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಮುಖ್ಯ ಲಿಗಮೆಂಟ್‌ಗಳು ನಾಲ್ಕು. ಎರಡು ಪಕ್ಕದಲ್ಲಿವೆ. ಇನ್ನೆರಡು ಕೀಲಿನ ಒಳಗೆ, ಒಂದಕ್ಕೊಂದು ಅಡ್ಡವಾಗಿವೆ. ಆ ಎರಡರಲ್ಲಿ ಮುಂದಿನದೇ ಎಸಿಎಲ್. ಉದ್ದ ಸುಮಾರು 3 ಸೆಂಟಿಮೀಟರ್ ಅಷ್ಟೇ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ.

ಅದು ಹರಿದರೂ ಸಮತಟ್ಟಾದ ರಸ್ತೆಯಲ್ಲಿ ನೇರವಾಗಿ ನಡೆಯಬಹುದು. ತೊಂದರೆ ಕಾಣಿಸುವುದು ತಿರುಗುವಾಗ, ಓಡುತ್ತಾ ಥಟ್ಟನೆ ನಿಲ್ಲುವಾಗ, ಗದ್ದೆ ಬದುವಿನ ಮೇಲೆ ಕಾಲು ಹೊರಳಿದಾಗ. ಜನರನ್ನು ಯಾಮಾರಿಸುವುದೂ ಇದೇ.

ಹರಿದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕಥೆ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನು ತಿರುಗುವಾಗ ಪಾದ ನೆಲದಲ್ಲೇ ನಿಂತಿತು, ಮೈ ತಿರುಗಿತು. ಶಟಲ್ ಆಡುವಾಗ ಮೇಲೆ ಹಾರಿ ಕಾಲು ಊರುವಷ್ಟರಲ್ಲಿ ಮಂಡಿ ಒಳಕ್ಕೆ ಬಾಗಿತು. ಇಲ್ಲವೇ ಬೈಕ್ ಸ್ಕಿಡ್ ಆಯಿತು. ಎಷ್ಟೋ ಸಲ ಯಾರೂ ತಾಗಿರುವುದೇ ಇಲ್ಲ. 'ಟಪ್' ಅಂತ ಸದ್ದು ಕೇಳಿಸಿತು ಅನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಇಷ್ಟು ಬೇಗ ಊದಿದರೆ ಕೀಲಿನೊಳಗೆ ರಕ್ತ ಸೋರಿರುವ ಸಾಧ್ಯತೆ ಹೆಚ್ಚು. ಉಳುಕು ಅಂತ ಅದನ್ನು ಸುಮ್ನೆ ಬಿಡಬಾರದು.

ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ. ಸರಿಹೋಯಿತು ಅಂದುಕೊಂಡು ಮತ್ತೆ ಆಡಲು ಇಳಿಯುತ್ತಾರೆ. ಮಂಡಿ ಮತ್ತೆ ಕೈಕೊಡುತ್ತದೆ. ಹೀಗೆ ಪ್ರತಿ ಸಲ ಜಾರಿದಾಗಲೂ ಒಳಗಿರುವ ಮೆನಿಸ್ಕಸ್ ಅನ್ನುವ ಮೆತ್ತೆಗೆ ಪೆಟ್ಟು ಬೀಳಬಹುದು. ನನಗೆ ಎಸಿಎಲ್‌ಗಿಂತ ಮೆನಿಸ್ಕಸ್ ಬಗ್ಗೆಯೇ ಚಿಂತೆ ಜಾಸ್ತಿ. ಎಸಿಎಲ್‌ಗೆ ಬದಲಿ ಹಾಕಬಹುದು, ಸವೆದುಹೋದ ಮೆನಿಸ್ಕಸ್‌ಗೆ ಅಷ್ಟು ಒಳ್ಳೆಯ ಬದಲಿ ಇಲ್ಲ.

ಅನುಭವಿ ಡಾಕ್ಟರ್ ಕೈಯಿಂದಲೇ ಪತ್ತೆ ಮಾಡುತ್ತಾರೆ. ಮಂಡಿಯನ್ನು ಸ್ವಲ್ಪ ಮಡಚಿ, ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುವ ಪರೀಕ್ಷೆಗೆ ಲ್ಯಾಕ್‌ಮನ್ ಟೆಸ್ಟ್ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಮೂಳೆ ಮುರಿದಿಲ್ಲ ಅಂತ ಖಚಿತ ಮಾಡಿಕೊಳ್ಳಲು ಅದು ಬೇಕು. ಮೆನಿಸ್ಕಸ್ ಮತ್ತು ಉಳಿದ ಲಿಗಮೆಂಟ್‌ಗಳ ಸ್ಥಿತಿ ಗೊತ್ತಾಗುವುದು ಎಂಆರ್‌ಐಯಲ್ಲಿ.

ಬಿದ್ದ ದಿನವೇ ಎಣ್ಣೆ ಹಾಕಿ ಉಜ್ಜಬಹುದೇ? ಕಟ್ಟು ಕಟ್ಟಿಸಬಹುದೇ?

ಉಜ್ಜಬೇಡಿ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ದಿನಕ್ಕೆ ಕೆಲವು ಸಲ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ.

ನಾಟಿ ಕಟ್ಟಿನ ಬಗ್ಗೆ ನೇರವಾಗಿ ಹೇಳುತ್ತೇನೆ. ವಾರಗಟ್ಟಲೆ ಬಿಗಿಯಾಗಿ ಕಟ್ಟಿಟ್ಟರೆ ಹರಿದ ಎಸಿಎಲ್ ಕೂಡಿಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಮಂಡಿ ಗಡುಸಾಗುವುದು, ತೊಡೆ ಸಣ್ಣಗಾಗುವುದು ಮಾತ್ರ ಖಂಡಿತ. ಆಮೇಲೆ ಅದನ್ನು ಬಿಡಿಸಲು ನಾವು ಒಂದು ತಿಂಗಳು ಒದ್ದಾಡಬೇಕಾಗುತ್ತದೆ.

ಮಂಡಿ ಜಾಗ ತಪ್ಪಿದಂತೆ ಕಂಡರೆ, ಪಾದ ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ. ಮಂಡಿಯ ಹಿಂದೆ ದೊಡ್ಡ ರಕ್ತನಾಳ ಇದೆ. ಅದಕ್ಕೆ ಪೆಟ್ಟಾಗಿದ್ದರೆ ಕಾಲನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ.

ಎಂಆರ್‌ಐಯಲ್ಲಿ 'ಕಂಪ್ಲೀಟ್ ಟೇರ್' ಅಂತ ಬಂದಿದೆ. ಆಪರೇಷನ್ ಮಾಡಿಸಲೇಬೇಕೇ?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ರಿಪೋರ್ಟ್ ನೋಡಿ ತೀರ್ಮಾನ ಮಾಡಬೇಡಿ. ಮಂಡಿ ಹೇಗಿದೆ, ನೀವು ಅದರಿಂದ ಏನು ಕೆಲಸ ತೆಗೆಯಬೇಕು ಅನ್ನುವುದನ್ನು ನೋಡಿ ತೀರ್ಮಾನ ಮಾಡಿ.

ಈ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 18ರಿಂದ 35 ವರ್ಷದ 121 ಜನರಿದ್ದರು. ಅರ್ಧದಷ್ಟು ಜನರಿಗೆ ಬೇಗನೆ ಆಪರೇಷನ್ ಮಾಡಿದರು. ಉಳಿದ 59 ಜನರಿಗೆ ಮೊದಲು ವ್ಯಾಯಾಮ ಮಾಡಿಸಿ, ಅಗತ್ಯ ಬಿದ್ದರೆ ಮಾತ್ರ ಆಪರೇಷನ್ ಅಂದರು. ಎರಡು ವರ್ಷದ ಹೊತ್ತಿಗೆ ಆ 59ರಲ್ಲಿ 23 ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಐದು ವರ್ಷಕ್ಕೆ 30 ಜನ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಆಪರೇಷನ್ ಇಲ್ಲದೆಯೇ ಇದ್ದರು. ಎರಡೂ ಗುಂಪಿನವರ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಯಾರಿಗೂ ಬೇಡವೇ? ಹಾಗಲ್ಲ. 2022ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಬಂತು. ಅದರಲ್ಲಿದ್ದ 316 ಜನರಿಗೆ ಪೆಟ್ಟು ಹಳೆಯದಾಗಿತ್ತು, ಆದರೂ ಮಂಡಿ ಜಾರುತ್ತಲೇ ಇತ್ತು. 18 ತಿಂಗಳ ನಂತರ ನೋಡಿದಾಗ ಆಪರೇಷನ್ ಗುಂಪಿನವರೇ ಹೆಚ್ಚು ಚೆನ್ನಾಗಿದ್ದರು. ಹೊಸ ಪೆಟ್ಟಿಗೆ ಒಂದು ಉತ್ತರ, ಜಾರುತ್ತಲೇ ಇರುವ ಹಳೆಯ ಮಂಡಿಗೆ ಇನ್ನೊಂದು ಉತ್ತರ. ಎರಡು ಅಧ್ಯಯನಗಳೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ.

ನಾನು ನೋಡುವುದು ಹೀಗೆ. ಕಬಡ್ಡಿ, ಫುಟ್‌ಬಾಲ್, ಕುಸ್ತಿ, ಶಟಲ್‌ನಂಥ ತಿರುಗುವ ಆಟಕ್ಕೆ ಮರಳಲೇಬೇಕು ಅನ್ನುವ ಹುಡುಗ ಹುಡುಗಿಯರಿಗೆ, ಹೊಲಿಯಬಹುದಾದ ಮೆನಿಸ್ಕಸ್ ಕೂಡ ಹರಿದವರಿಗೆ, ಎರಡು ಮೂರು ಲಿಗಮೆಂಟ್ ಹೋದವರಿಗೆ, ಮೆಟ್ಟಿಲಿಳಿಯುವಾಗಲೂ ಮಂಡಿ ಜಾರುವವರಿಗೆ ಆಪರೇಷನ್ ಕಡೆಗೇ ತಕ್ಕಡಿ ವಾಲುತ್ತದೆ. ಕುಳಿತು ಕೆಲಸ ಮಾಡುವವರು, ವಾಕಿಂಗ್, ಈಜು, ಸೈಕಲ್ ಸಾಕು ಅನ್ನುವವರು ಮೊದಲು ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ ನೋಡಬಹುದು. 'ಸರಿಯಾಗಿ' ಅನ್ನುವುದಕ್ಕೆ ಒತ್ತು ಕೊಡುತ್ತೇನೆ. ಹತ್ತು ದಿನ ಕರೆಂಟ್ ಇಡಿಸಿಕೊಂಡು ಬಂದರೆ ಅದು ವ್ಯಾಯಾಮ ಅಲ್ಲ.

ನಲವತ್ತೈದು ದಾಟಿದೆ. ಈ ವಯಸ್ಸಿನಲ್ಲಿ ಮಾಡುತ್ತಾರೆಯೇ?

ಮಾಡುತ್ತಾರೆ. ವಯಸ್ಸಿಗಿಂತ ಮಂಡಿ ಎಷ್ಟು ಸವೆದಿದೆ, ನಿಮ್ಮ ಕೆಲಸ ಏನು ಅನ್ನುವುದು ಮುಖ್ಯ.

ಎಷ್ಟು ಬೇಗ ಮಾಡಿಸಬೇಕು?

ಸಾಮಾನ್ಯವಾಗಿ ಅವಸರ ಬೇಡ. ಊದಿದ, ಗಡುಸಾದ ಮಂಡಿಗೆ ಆಪರೇಷನ್ ಮಾಡಿದರೆ ಅದು ಹಾಗೆಯೇ ಬಿಗಿದುಕೊಂಡು ಬಿಡುವ ಅಪಾಯ ಹೆಚ್ಚು. ಊತ ಇಳಿಯಬೇಕು, ಕಾಲು ಪೂರ್ತಿ ನೇರ ಆಗಬೇಕು, ತೊಡೆಯ ಸ್ನಾಯು ಎಚ್ಚರಗೊಳ್ಳಬೇಕು. ಇದಕ್ಕೆ ಬಹುತೇಕರಿಗೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಆ ವಾರಗಳನ್ನು ಹಾಸಿಗೆಯಲ್ಲಿ ಕಳೆಯಬೇಡಿ, ವ್ಯಾಯಾಮ ಶುರು ಮಾಡಿ. ಗಟ್ಟಿ ತೊಡೆ ಹೊತ್ತು ಥಿಯೇಟರಿಗೆ ಹೋದವರು ಹೊರಗೆ ಬಂದ ಮೇಲೂ ಬೇಗ ಚೇತರಿಸಿಕೊಳ್ಳುತ್ತಾರೆ.

ಮೆನಿಸ್ಕಸ್ ಚೂರು ಮಧ್ಯದಲ್ಲಿ ಸಿಕ್ಕಿಕೊಂಡು ಮಂಡಿ ಲಾಕ್ ಆಗಿದ್ದರೆ ಲೆಕ್ಕ ಬೇರೆ. ಆಗ ಬೇಗ ಮಾಡಬೇಕಾಗುತ್ತದೆ.

ಹರಿದದ್ದನ್ನೇ ಹೊಲಿದರೆ ಸಾಲದೇ? ಬೇರೆ ಕಡೆಯಿಂದ ಯಾಕೆ ತೆಗೆಯುತ್ತಾರೆ?

ಹರಿದ ಎಸಿಎಲ್‌ನ ತುದಿಗಳು ಕಿತ್ತುಹೋದ ತೆಂಗಿನ ನಾರಿನ ಹಗ್ಗದಂತೆ ಎಳೆ ಎಳೆಯಾಗಿರುತ್ತವೆ. ಹೊಲಿಗೆಗೆ ಹಿಡಿತ ಸಿಗುವುದಿಲ್ಲ. ಜೊತೆಗೆ ಅದು ಕೀಲಿನ ದ್ರವದಲ್ಲಿ ಮುಳುಗಿರುತ್ತದೆ. ಬೇರೆ ಕಡೆ ಗಾಯವಾದಾಗ ರಕ್ತ ಹೆಪ್ಪುಗಟ್ಟಿ, ಅದರ ಮೇಲೆ ಹೊಸ ಅಂಗಾಂಶ ಬೆಳೆಯುತ್ತದೆ. ಇಲ್ಲಿ ಆ ಹೆಪ್ಪು ಸರಿಯಾಗಿ ನಿಲ್ಲುವುದೇ ಇಲ್ಲ. ತುದಿಯಲ್ಲಿ, ಮೂಳೆಯ ಹತ್ತಿರವೇ ಕಿತ್ತುಬಂದ ಕೆಲವು ಕೇಸುಗಳಲ್ಲಿ ಮಾತ್ರ ಹೊಲಿದು ಕೂಡಿಸುವುದುಂಟು. ಉಳಿದಂತೆ ನಿಮ್ಮದೇ ಮೈಯಿಂದ ಒಂದು ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಮಾಡುತ್ತಾರೆ. ಅದೇ ಗ್ರಾಫ್ಟ್.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ಗಾಯ ಚಿಕ್ಕದು. ಹಿಂದೊಡೆಯ ಬಲ ಸ್ವಲ್ಪ ಕಾಲ ಕುಗ್ಗುತ್ತದೆ. ಮಂಡಿಚಿಪ್ಪಿನ ಕೆಳಗಿನ ರಜ್ಜನ್ನು ಎರಡೂ ತುದಿಯ ಮೂಳೆಚೂರಿನ ಸಮೇತ ತೆಗೆಯುವುದು ಇನ್ನೊಂದು ದಾರಿ. ಮೂಳೆಗೆ ಮೂಳೆ ಬೇಗ ಕೂಡುವುದರಿಂದ ಆಟಗಾರರಿಗೆ ಇದನ್ನು ಇಷ್ಟಪಡುವ ಸರ್ಜನ್‌ಗಳಿದ್ದಾರೆ. ಆದರೆ ಮಂಡಿಯೂರಿ ಕೂತಾಗ ನೋವು ಉಳಿಯಬಹುದು. ನಮಾಜ್ ಮಾಡುವವರು, ನೆಲದ ಮೇಲೆ ಮಂಡಿಯೂರಿ ಕೆಲಸ ಮಾಡುವ ಟೈಲ್ಸ್, ಪ್ಲಂಬಿಂಗ್ ಕೆಲಸದವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಅವರು ಕೇಳದೆ ಇದ್ದರೂ ಹೇಳಿ. ತೊಡೆಯ ಮುಂಭಾಗದ ರಜ್ಜು, ಪಾದದ ಗಿಣ್ಣಿನ ಹೊರಬದಿಯ ಪೆರೋನಿಯಸ್ ರಜ್ಜು ಕೂಡ ಬಳಕೆಯಲ್ಲಿವೆ.

ಯಾವುದು ಬೆಸ್ಟ್? ನಿಮ್ಮ ಸರ್ಜನ್‌ಗೆ ಚೆನ್ನಾಗಿ ಕೈ ಪಳಗಿರುವುದೇ ಬೆಸ್ಟ್ ಅಂತ ನನ್ನ ಅಭಿಪ್ರಾಯ.

ಆಪರೇಷನ್ ದಿನ ಏನಾಗುತ್ತದೆ?

ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಚಿಕ್ಕ ತೂತುಗಳ ಮೂಲಕ ಕ್ಯಾಮೆರಾ ಬಿಟ್ಟು, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ಗ್ರಾಫ್ಟ್ ಎಳೆದು, ಬಟನ್ ಅಥವಾ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಒಂದರಿಂದ ಎರಡು ಗಂಟೆಯ ಕೆಲಸ. ಒಂದೆರಡು ದಿನದಲ್ಲಿ ಮನೆಗೆ.

ಖರ್ಚು ಎಷ್ಟಾಗುತ್ತದೆ? ಕಾರ್ಡ್ ನಡೆಯುತ್ತದೆಯೇ?

ಒಂದೇ ಊರಿನ ಎರಡು ಆಸ್ಪತ್ರೆಗಳ ನಡುವೆಯೇ ದುಪ್ಪಟ್ಟು ವ್ಯತ್ಯಾಸ ಇರಬಹುದು. ಬಿಲ್ ಏರಿಸುವುದು ಸ್ಕ್ರೂ, ಬಟನ್, ಒಮ್ಮೆ ಬಳಸಿ ಬಿಸಾಡುವ ಬ್ಲೇಡ್‌ಗಳು, ರೂಮಿನ ದರ್ಜೆ. ಎಸ್ಟಿಮೇಟ್ ಕೇಳುವಾಗ ಇವನ್ನೆಲ್ಲ ಬಿಡಿ ಬಿಡಿಯಾಗಿ ಬರೆಸಿಕೊಳ್ಳಿ. ಮೆನಿಸ್ಕಸ್ ಹೊಲಿಯಬೇಕಾಗಿ ಬಂದರೆ ಎಷ್ಟು ಹೆಚ್ಚಾಗುತ್ತದೆ ಅಂತಲೂ ಕೇಳಿ. ಅದು ಒಳಗೆ ನೋಡಿದ ಮೇಲೇ ಖಚಿತವಾಗುವುದು. 'ಸರ್ಕಾರ ಮಂಡಿ ಇಂಪ್ಲಾಂಟ್ ರೇಟ್ ಇಳಿಸಿದೆಯಲ್ಲ' ಅಂತ ಹಲವರು ಕೇಳುತ್ತಾರೆ. 2017ರಲ್ಲಿ ಮಿತಿ ಹಾಕಿದ್ದು ಮಂಡಿ ಬದಲಾವಣೆಯ ಇಂಪ್ಲಾಂಟ್‌ಗೆ. ಆ ಆಪರೇಷನ್ನೇ ಬೇರೆ, ಇದೇ ಬೇರೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಂತೆ ಒಂದೂವರೆ ಲಕ್ಷದವರೆಗೆ ನೆರವು ಇದೆ. ಆದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಡಬೇಕು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಹುಡುಕಿ, ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ ಅಂತ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ. ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಮತ್ತು ಅಪಘಾತದ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ.

ಇನ್ಶೂರೆನ್ಸ್ ಇರುವವರಿಗೆ ಒಂದು ಮಾತು. ಹಲವು ಪಾಲಿಸಿಗಳಲ್ಲಿ ಮಂಡಿಯ ಆಪರೇಷನ್‌ಗೆ ಕಾಯುವ ಅವಧಿ ಇರುತ್ತದೆ, ಅಪಘಾತದ ಪೆಟ್ಟಾದರೆ ವಿನಾಯಿತಿ ಇರುತ್ತದೆ. ಹಾಗಾಗಿ ಯಾವ ದಿನ, ಹೇಗೆ ಬಿದ್ದಿರಿ ಅನ್ನುವುದು ಮೊದಲ ಒಪಿಡಿ ಚೀಟಿಯಲ್ಲೇ ಇರಲಿ. ಡಾಕ್ಟರ್ ಸುಮ್ನೆ 'ಮಂಡಿ ನೋವು' ಅಂತ ಬರೆದುಬಿಟ್ಟರೆ ಕ್ಲೇಮ್ ಹೊತ್ತಿಗೆ ತಲೆನೋವು ನಿಮ್ಮದು.

ಮನೆಗೆ ಬಂದ ಮೇಲೆ ಮೊದಲ ಎರಡು ವಾರ ಏನು ಮುಖ್ಯ?

ಕಾಲು ಪೂರ್ತಿ ನೇರ ಆಗುವುದು. ಮಡಚುವುದಲ್ಲ, ನೇರ ಆಗುವುದು. ಎಲ್ಲರೂ 'ಎಷ್ಟು ಡಿಗ್ರಿ ಮಡಚಿತು' ಅಂತ ಕೇಳುತ್ತಾರೆ. ಮಡಚುವುದು ತಡವಾದರೂ ಬರುತ್ತದೆ. ನೇರ ಆಗುವುದನ್ನು ಮೊದಲ ವಾರಗಳಲ್ಲಿ ಕಳೆದುಕೊಂಡರೆ ವಾಪಸ್ ತರುವುದು ಬಹಳ ಕಷ್ಟ, ಕುಂಟು ಉಳಿದುಬಿಡುತ್ತದೆ.

ಅಮ್ಮಂದಿರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಹಾಯಾಗಿರುತ್ತದೆ ನಿಜ. ಆದರೆ ಮಂಡಿ ಮಡಚಿದ ಸ್ಥಿತಿಯಲ್ಲೇ ಬಿಗಿಯುತ್ತಾ ಹೋಗುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿಯ ಕೆಳಗೆ ಖಾಲಿ ಇರಲಿ. ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತುವ ವ್ಯಾಯಾಮವನ್ನು ಎಚ್ಚರ ಇರುವಾಗಲೆಲ್ಲ ಗಂಟೆಗೊಮ್ಮೆ ಮಾಡಿ. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ನಾನು ಹೇಳಿಕೊಡುವ ವ್ಯಾಯಾಮಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಇಲ್ಲ.

ನೆಂಟರು ನೋಡಲು ಬಂದಾಗಲೆಲ್ಲ ಎದ್ದು ಹಾಲ್‌ಗೆ ಬಂದು, ಕಾಲು ಇಳಿಬಿಟ್ಟು ಎರಡು ಗಂಟೆ ಕೂರಬೇಡಿ. ಸಂಜೆ ಹೊತ್ತಿಗೆ ಮಂಡಿ ಕುಂಬಳಕಾಯಿ ಆಗಿರುತ್ತದೆ.

ಯಾವಾಗ ಏನು ಮಾಡಬಹುದು?

ಮೆನಿಸ್ಕಸ್ ಹೊಲಿದಿಲ್ಲ ಅಂತ ಇಟ್ಟುಕೊಂಡು ಹೇಳುತ್ತೇನೆ. ಹೊಲಿದಿದ್ದರೆ ಭಾರ ಹಾಕುವುದೂ ಮಡಚುವುದೂ ಇನ್ನೂ ತಡ.

ಊರುಗೋಲು ಹಿಡಿದು ಮರುದಿನದಿಂದಲೇ ನಡೆಸುತ್ತಾರೆ. ಕುಂಟದೆ ನಡೆಯಲು ಬಂದಾಗಲೇ ಊರುಗೋಲು ಬಿಡಬೇಕು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಕುಳಿತು ಮಾಡುವ ಕೆಲಸಕ್ಕೆ ಎರಡು ವಾರದಲ್ಲಿ ಮರಳಬಹುದು, ಆದರೆ ಬಿಎಂಟಿಸಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರಿಗೆ ಇದು ಅನ್ವಯಿಸದು. ನಿಂತಿರುವ ಸೈಕಲ್ ತುಳಿಯುವುದು ನಾಲ್ಕರಿಂದ ಆರು ವಾರಕ್ಕೆ. ಬಲಗಾಲಿನ ಆಪರೇಷನ್ ಆದರೆ ಕಾರು ಓಡಿಸಲು ಸುಮಾರು ಆರು ವಾರ ಕಾಯಿರಿ. ಗಕ್ಕನೆ ಬ್ರೇಕ್ ಒತ್ತಲು ಬರಬೇಕು. ಬೈಕ್, ಸ್ಕೂಟರ್‌ಗೆ ಇನ್ನೂ ತಡ, ಎರಡು ಮೂರು ತಿಂಗಳು. ಓಡಿಸುವುದು ಕಷ್ಟವಲ್ಲ, ಗುಂಡಿಯಲ್ಲಿ ವಾಲಿದಾಗ ಒಂದೇ ಕಾಲಿನಲ್ಲಿ ಗಾಡಿ ತಡೆಯುವುದು ಕಷ್ಟ.

ಇಂಡಿಯನ್ ಟಾಯ್ಲೆಟ್ ಮತ್ತು ಚಕ್ಕಳಮಕ್ಕಳ ಹಾಕಿ ಕೂರುವುದು ನಮ್ಮ ಜನರ ದೊಡ್ಡ ಪ್ರಶ್ನೆ. ಚಕ್ಕಳಮಕ್ಕಳ ನಾಲ್ಕು ತಿಂಗಳ ಆಸುಪಾಸಿನಲ್ಲಿ, ಪೂರ್ತಿ ಕುಕ್ಕರಗಾಲು ಐದಾರು ತಿಂಗಳಿಗೆ, ಅದೂ ಫಿಸಿಯೋ ನೋಡಿ ಹೇಳಿದ ಮೇಲೆ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಮಧ್ಯದಲ್ಲಿ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ. ಆಪರೇಷನ್‌ಗೆ ಮೊದಲೇ ತಂದಿಡಿ.

ಗದ್ದೆ ಕೆಲಸ, ಅಡಿಕೆ ಮರ ಹತ್ತುವುದು, ಮೂಟೆ ಹೊರುವುದು ಆರು ತಿಂಗಳ ಮಾತು. ಮನೆಯಲ್ಲಿ ದುಡಿಯುವವರು ಒಬ್ಬರೇ ಆಗಿದ್ದರೆ ಆಪರೇಷನ್ ದಿನಾಂಕವನ್ನು ನಾಟಿ, ಕೊಯ್ಲು ನೋಡಿಕೊಂಡು ಇಟ್ಟುಕೊಳ್ಳಿ. ಕೆಲವು ವಾರ ಆಚೆಈಚೆ ಆದರೆ ಪರವಾಗಿಲ್ಲ. ಅಲ್ಲಿಯವರೆಗೆ ಮಂಡಿ ಜಾರದಂತೆ ಜೋಪಾನವಾಗಿರಬೇಕು ಅಷ್ಟೇ.

ನಾಲ್ಕು ತಿಂಗಳಾಯಿತು, ನೋವೇ ಇಲ್ಲ. ಟೂರ್ನಮೆಂಟ್ ಇದೆ. ಆಡಬಹುದೇ?

ಬೇಡ. ನೋವಿಲ್ಲ ಅಂದ ಮಾತ್ರಕ್ಕೆ ಒಳಗಿರುವುದು ಗಟ್ಟಿಯಾಗಿದೆ ಅಂತ ಅರ್ಥ ಅಲ್ಲ. ಹಾಕಿದ ಗ್ರಾಫ್ಟ್‌ಗೆ ಮೊದಲು ರಕ್ತಸಂಚಾರ ಇರುವುದಿಲ್ಲ. ನಿಧಾನವಾಗಿ ಹೊಸ ರಕ್ತನಾಳಗಳು ಬಂದು, ಹಳೆಯ ಎಳೆಗಳು ಕರಗಿ, ಹೊಸವು ಕಟ್ಟಿಕೊಳ್ಳುತ್ತವೆ. ಈ ನಡುವೆ, ಅಂದರೆ ಎರಡು ಮೂರು ತಿಂಗಳ ಹೊತ್ತಿಗೆ, ಅದು ಹಾಕಿದ ದಿನಕ್ಕಿಂತ ದುರ್ಬಲವಾಗಿರುತ್ತದೆ. ಹುಡುಗರಿಗೆ 'ಈಗ ಆರಾಮ್' ಅನ್ನಿಸುವುದೂ ಅದೇ ಸಮಯದಲ್ಲಿ.

2016ರಲ್ಲಿ ಬಂದ ನಾರ್ವೆ ಮತ್ತು ಅಮೆರಿಕದ ಜಂಟಿ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಕನಿಷ್ಠ 9 ತಿಂಗಳು. ಕ್ಯಾಲೆಂಡರ್ ಒಂದೇ ಸಾಲದು, ಪರೀಕ್ಷೆಯೂ ಆಗಬೇಕು. ಒಂಟಿಕಾಲಲ್ಲಿ ಹಾರಿಸಿ ದೂರ ಅಳೆಯುತ್ತೇವೆ. ತೊಡೆಯ ಬಲ ಅಳೆಯುತ್ತೇವೆ. ಆಪರೇಷನ್ ಆದ ಕಾಲು ಇನ್ನೊಂದರ ಶೇ. 90ಕ್ಕಾದರೂ ಮುಟ್ಟಬೇಕು.

ದೊಡ್ಡ ಆಟಗಾರರನ್ನೇ ನೋಡಿ. ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡರು. ಮುಂಬೈಯಲ್ಲಿ ಆಪರೇಷನ್ ಆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಹರಿಸಿದರು. ಮತ್ತೆ ಐಪಿಎಲ್‌ಗೆ ಇಳಿದದ್ದು 2024ರ ಮಾರ್ಚ್‌ನಲ್ಲಿ. ಅವರಿಗೆ ಆಗಿದ್ದು ಬರೀ ಎಸಿಎಲ್ ಪೆಟ್ಟಲ್ಲ, ನಿಜ. ಕುಸ್ತಿಯ ವಿನೇಶ್ ಫೋಗಟ್‌ಗೆ 2023ರ ಆಗಸ್ಟ್‌ನಲ್ಲಿ ಎಸಿಎಲ್ ಆಪರೇಷನ್ ಆಯಿತು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ಮುಟ್ಟಿದರು. ದಿನವಿಡೀ ಜೊತೆಗೆ ತಜ್ಞರನ್ನು ಇಟ್ಟುಕೊಂಡವರಿಗೇ ಇಷ್ಟು ಸಮಯ ಬೇಕು. ಸಂಜೆ ಕೆಲಸ ಮುಗಿಸಿ ಅರ್ಧ ಗಂಟೆ ವ್ಯಾಯಾಮ ಮಾಡುವ ನಮ್ಮ ಊರಿನ ಹುಡುಗನಿಗೆ ನಾಲ್ಕು ತಿಂಗಳು ಸಾಕಾಗುತ್ತದೆಯೇ?

ಆಪರೇಷನ್ ಆದರೆ ಮೊದಲಿನಂತೆ ಆಡಬಹುದು ಅಂತ ಗ್ಯಾರಂಟಿ ಇದೆಯೇ?

ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಯಾವುದಾದರೂ ಆಟಕ್ಕೆ ಮರಳಿದವರು ಶೇ. 81. ಮೊದಲಿನ ಮಟ್ಟಕ್ಕೇ ಮರಳಿದವರು ಶೇ. 65. ಸ್ಪರ್ಧೆಗೆ ಮರಳಿದವರು ಶೇ. 55. ಮರಳದೆ ಇದ್ದವರಲ್ಲಿ ಎಷ್ಟೋ ಜನರಿಗೆ ಮಂಡಿ ಸರಿಯಿತ್ತು, ಭಯ ಹೋಗಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಬೇಡಿ.

ಮತ್ತೆ ಹರಿಯಬಹುದೇ?

ಹರಿಯಬಹುದು. 25ರ ಒಳಗಿನವರು ತಿರುಗುವ ಆಟಕ್ಕೆ ಮರಳಿದಾಗ ಅಪಾಯ ಹೆಚ್ಚು. ಅದೇ ಮಂಡಿ ಅಥವಾ ಇನ್ನೊಂದು ಮಂಡಿ ಸೇರಿಸಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹೌದು, ಇನ್ನೊಂದು ಮಂಡಿಯೂ. ಎರಡೂ ಕಾಲಿಗೆ ವ್ಯಾಯಾಮ ಮಾಡಿ ಅಂತ ನಾವು ಗೋಗರೆಯುವುದು ಇದಕ್ಕೇ.

ಮಗಳಿಗೆ ಹದಿಮೂರು ವರ್ಷ. ಖೋಖೋ ಆಡುವಾಗ ಹರಿದಿದೆ. ಈಗಲೇ ಮಾಡಿಸಬಹುದೇ?

ಮೂಳೆ ಇನ್ನೂ ಬೆಳೆಯುತ್ತಿದೆ. ತೊಡೆಮೂಳೆ ಮತ್ತು ಕೆಳಗಾಲಿನ ಮೂಳೆ ಹೆಚ್ಚು ಬೆಳೆಯುವುದು ಮಂಡಿಯ ಹತ್ತಿರದ ಭಾಗದಲ್ಲೇ. ಸುರಂಗ ಕೊರೆಯುವಾಗ ಅದಕ್ಕೆ ಧಕ್ಕೆಯಾದರೆ ಕಾಲು ಸೊಟ್ಟ ಅಥವಾ ಗಿಡ್ಡ ಆಗಬಹುದು. ಅದಕ್ಕೆ ಬೇರೆ ವಿಧಾನಗಳಿವೆ. ಮಕ್ಕಳ ಮಂಡಿಯಲ್ಲಿ ಅನುಭವ ಇರುವ ಸರ್ಜನ್ ಹತ್ತಿರವೇ ಹೋಗಿ, ದೂರವಾದರೂ ಸರಿ. 'ದೊಡ್ಡವಳಾದ ಮೇಲೆ ನೋಡೋಣ' ಅಂತ ಜಾರುವ ಮಂಡಿಯಲ್ಲೇ ಆಡಲು ಬಿಡುವುದು ಮಾತ್ರ ಬೇಡ.

ಅಂದಹಾಗೆ, ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಹರಿಯುವ ಸಂಭವ ಕೆಲವು ಪಟ್ಟು ಹೆಚ್ಚು. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ಬಾಗದಂತೆ ಕಲಿಸುವ ವಾರ್ಮ್‌ಅಪ್‌ಗಳಿಂದ ಇದನ್ನು ಕಡಿಮೆ ಮಾಡಬಹುದು. ಶಾಲೆಯ ಪಿಟಿ ಮೇಷ್ಟ್ರು ಮನಸ್ಸು ಮಾಡಿದರೆ ಸಾಕು, ಖರ್ಚಿಲ್ಲದ ಕೆಲಸ.

ಆಪರೇಷನ್‌ನಿಂದ ತೊಂದರೆ ಏನೇನು ಬರಬಹುದು?

ಮಂಡಿಯ ಕೆಳಗೆ ಒಂದು ಅಂಗೈಯಷ್ಟು ಜಾಗ ಜೋಮು ಹಿಡಿದಂತೆ ಇರುವುದು ತುಂಬಾ ಸಾಮಾನ್ಯ. ಚರ್ಮದ ಸಣ್ಣ ನರ ಕತ್ತರಿಸಿರುತ್ತದೆ. ಕೆಲವರಿಗೆ ಅದು ಹಾಗೇ ಉಳಿಯುತ್ತದೆ, ಓಡಾಟಕ್ಕೆ ಅಡ್ಡಿ ಇಲ್ಲ. ಮಂಡಿ ಬಿಗಿಯುವುದು ಇನ್ನೊಂದು. ಸೋಂಕು ಅಪರೂಪ, ನೂರಕ್ಕೆ ಒಬ್ಬರಿಗಿಂತ ಕಡಿಮೆ, ಆದರೆ ಬಂದರೆ ಗಂಭೀರ. ಜ್ವರ, ಗಾಯದಿಂದ ಕೀವು, ಇಳಿಯುತ್ತಿದ್ದ ನೋವು ಮತ್ತೆ ಏರುವುದು ಕಂಡರೆ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ಮೀನಖಂಡ ಊದಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರಾಟ ಕಷ್ಟವಾದರೆ ಸೀದಾ ಎಮರ್ಜೆನ್ಸಿಗೆ ಹೋಗಿ.

ಆಪರೇಷನ್ ಮಾಡಿಸಿದರೆ ಮುಂದೆ ಮಂಡಿ ಸವೆತ ಬರುವುದಿಲ್ಲ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಹರಿದ ದಿನವೇ ಒಳಗಿನ ಮೃದ್ವಸ್ಥಿಗೂ ಪೆಟ್ಟು ಬಿದ್ದಿರುತ್ತದೆ. ಆಪರೇಷನ್ ಮಾಡಿಸಿದವರಿಗೂ, ಮಾಡಿಸದವರಿಗೂ ಹತ್ತಿಪ್ಪತ್ತು ವರ್ಷದ ನಂತರ ಸವೆತ ಬರುವ ಸಂಭವ ಸಾಮಾನ್ಯ ಮಂಡಿಗಿಂತ ಹೆಚ್ಚು. ಮೆನಿಸ್ಕಸ್ ಉಳಿದಿದ್ದರೆ ಕಡಿಮೆ. ತೂಕ ಹಿಡಿತದಲ್ಲಿಡುವುದು, ತೊಡೆ ಗಟ್ಟಿಯಾಗಿಟ್ಟುಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಒಳಗಿನ ಸ್ಕ್ರೂ, ಬಟನ್ ತೆಗೆಸಬೇಕೇ? ಏರ್‌ಪೋರ್ಟಿನಲ್ಲಿ ಕೂಗುತ್ತದೆಯೇ?

ತೊಂದರೆ ಕೊಡದಿದ್ದರೆ ತೆಗೆಸಬೇಕಿಲ್ಲ. ಕೆಲವು ಸ್ಕ್ರೂಗಳು ಮೈಯಲ್ಲೇ ಕರಗುವಂಥವು. ಟೈಟಾನಿಯಂ ಆದರೂ ಮುಂದೆ ಎಂಆರ್‌ಐ ಮಾಡಿಸಬಹುದು, ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ. ಏರ್‌ಪೋರ್ಟಿನಲ್ಲಿ ಇಷ್ಟು ಚಿಕ್ಕ ಲೋಹಕ್ಕೆ ಸಾಮಾನ್ಯವಾಗಿ ಮೆಷಿನ್ ಕೂಗುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲಿರಲಿ.